ಮೇಜಿನ ಮೇಲೆ ಪಟಾಕಿ: ಬ್ರಿಟನ್ನಿನ ಹಬ್ಬ, ರಜೆ, ಶಾಲೆಗಳನ್ನು ಓದುತ್ತಾ ಇಂಗ್ಲಿಷ್ ಕಲಿಯುವುದು ಹೇಗೆ?

‘ಊಟದ ಮೇಜಿನ ಮೇಲೆ ಪಟಾಕಿ ಸಿಡಿಸಿದರೆ ಮನೆಗೆ ಬೆಂಕಿ ಬೀಳುವುದಿಲ್ಲವೇ ಮೇಡಂ?’

ಭಾನುವಾರದ ಇಂಗ್ಲಿಷ್ ತರಗತಿಯಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು. ಅವಳ ಕೈಯಲ್ಲಿದ್ದದ್ದು ಬ್ರಿಟನ್ನಿನ ಕ್ರಿಸ್‌ಮಸ್ ಊಟದ ಬಗ್ಗೆ ಒಂದು ಪುಟದ ಬರಹ. ಮನೆಮಂದಿಯೆಲ್ಲ ಮೇಜಿನ ಸುತ್ತ ಕುಳಿತು ‘ಕ್ರ್ಯಾಕರ್’ ಎಳೆದರು ಎಂದು ಅದರಲ್ಲಿತ್ತು. ನಮಗೆ ಕ್ರ್ಯಾಕರ್ ಎಂದರೆ ದೀಪಾವಳಿಯ ಪಟಾಕಿ. ಅಲ್ಲಿ ಅದು ಚಾಕೊಲೇಟಿನ ಕಾಗದದಂತೆ ಎರಡೂ ತುದಿ ತಿರುಚಿದ ರಟ್ಟಿನ ಕೊಳವೆ. ಇಬ್ಬರು ಒಂದೊಂದು ತುದಿ ಹಿಡಿದು ಜಗ್ಗಿದರೆ ‘ಚಟ್’ ಎಂದು ಹರಿಯುತ್ತದೆ. ಒಳಗಿನಿಂದ ಕಾಗದದ ಕಿರೀಟ, ಪುಟ್ಟ ಆಟಿಕೆ ಮತ್ತು ಯಾರಿಗೂ ನಗು ಬರಿಸದ ಒಂದು ನಗೆಹನಿ ಉದುರುತ್ತವೆ. ಇದನ್ನು ಬಳಕೆಗೆ ತಂದವನು ಟಾಮ್ ಸ್ಮಿತ್ ಎಂಬ ಲಂಡನ್ನಿನ ಮಿಠಾಯಿ ವ್ಯಾಪಾರಿ, 19ನೇ ಶತಮಾನದ ನಡುವಿನಲ್ಲಿ.

ಹುಡುಗಿಯನ್ನು ಎಡವಿಸಿದ್ದು ಗೊತ್ತಿಲ್ಲದ ಪದವಲ್ಲ, ಗೊತ್ತಿದೆ ಎಂದುಕೊಂಡಿದ್ದ ಪದ. ಗೊತ್ತಿಲ್ಲದ ಪದಕ್ಕೆ ನಿಘಂಟು ತೆರೆಯುತ್ತೇವೆ. ಗೊತ್ತಿರುವ ಪದದ ಮೇಲೆ ಯಾರಿಗೂ ಅನುಮಾನವೇ ಬರುವುದಿಲ್ಲ. ಆ ಅನುಮಾನ ಹುಟ್ಟಿಸಲು ಹಬ್ಬ, ರಜೆ, ಶಾಲೆಯ ಬಗೆಗಿನ ಓದಿನಷ್ಟು ಒಳ್ಳೆಯ ದಾರಿ ನನಗೆ ಕಂಡಿಲ್ಲ. ವಿಷಯ ನಮಗೂ ಪರಿಚಿತ, ವಿವರ ಮಾತ್ರ ಬೇರೆ.

ಮೊದಲು ಒಂದೇ ಒಂದು ವಿಷಯ ಆರಿಸಿಕೊಳ್ಳಿ. ‘ಬ್ರಿಟಿಷ್ ಸಂಸ್ಕೃತಿ’ ಎಂದು ಹುಡುಕಲು ಹೊರಟರೆ ಸಮುದ್ರಕ್ಕೆ ಬಿದ್ದಂತೆ. ಮುಂದಿನ ಒಂದು ತಿಂಗಳಲ್ಲಿ ಅಲ್ಲಿ ಯಾವ ಹಬ್ಬ ಬರುತ್ತದೆಯೋ ಅದನ್ನು ಹಿಡಿಯಿರಿ. ಆ ದಿನಗಳಲ್ಲಿ ಅದರ ಸುದ್ದಿ, ಚಿತ್ರ, ವಿಡಿಯೊ ತಾನಾಗಿ ಸಿಗುತ್ತವೆ, ಒಂದೇ ಪದ ನಾಲ್ಕು ಕಡೆ ಕಣ್ಣಿಗೆ ಬೀಳುತ್ತದೆ.

ನನ್ನ ಮೆಚ್ಚಿನದು ನವೆಂಬರ್ 5, ಗೈ ಫಾಕ್ಸ್ ರಾತ್ರಿ. 1605ರಲ್ಲಿ ದೊರೆ ಒಂದನೇ ಜೇಮ್ಸ್‌ನನ್ನು ಕೊಲ್ಲಲು ಕೆಲವರು ಸಂಸತ್ತಿನ ಅಡಿಯ ನೆಲಮಾಳಿಗೆಯಲ್ಲಿ 36 ಪೀಪಾಯಿ ಸಿಡಿಮದ್ದು ಇಟ್ಟಿದ್ದರು. ಕಾವಲಿಗಿದ್ದ ಗೈ ಫಾಕ್ಸ್ ಸಿಕ್ಕಿಬಿದ್ದ. ಅಂದಿನಿಂದ ಪ್ರತಿವರ್ಷ ಬೆಂಕಿ ಹಾಕಿ ಅವನ ಗೊಂಬೆ ಸುಡುವ ರೂಢಿ ಬೆಳೆಯಿತು. ಹುಡುಗರು ಹಳೆಯ ಬಟ್ಟೆ ತುಂಬಿ ಗೊಂಬೆ ಮಾಡಿ, ಬೀದಿಯಲ್ಲಿಟ್ಟು ಚಿಲ್ಲರೆ ಕಾಸು ಕೇಳುತ್ತಿದ್ದರು. ಕಾಮಣ್ಣನ ಹಬ್ಬಕ್ಕೆ ಕಟ್ಟಿಗೆ, ಕುಳ್ಳು ಕೂಡಿಸಿದ ಹುಬ್ಬಳ್ಳಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಗೊಂಬೆಯ ಹೆಸರೇ ‘ಗೈ’ ಎಂದಾಯಿತು. ಆಮೇಲೆ ವಿಚಿತ್ರವಾಗಿ ಬಟ್ಟೆ ತೊಟ್ಟವನು ಗೈ, ಕೊನೆಗೆ ಯಾವನೇ ಗಂಡಸು ಗೈ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ದಿನಕ್ಕೆ ಹತ್ತು ಬಾರಿ ‘ಹಾಯ್ ಗೈಸ್’ ಎನ್ನುವವರಿಗೆ ಈ ಕಥೆ ಹೇಳಿ ನೋಡಿ. ‘ಬಾನ್‌ಫೈರ್’, ‘ಗನ್‌ಪೌಡರ್’, ‘ಪ್ಲಾಟ್’ (ಇಲ್ಲಿ ನಿವೇಶನವಲ್ಲ, ಸಂಚು) ಎಂಬ ಪದಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡುವ ಗೋಜೇ ಇರುವುದಿಲ್ಲ.

ಓದಲು ಏನು? ಮಕ್ಕಳಿಗಾಗಿ ಬರೆದದ್ದು ಎಂದು ಮುಜುಗರ ಬೇಡ. ಬಿಬಿಸಿಯ ಮಕ್ಕಳ ಸುದ್ದಿ ವಿಭಾಗ ‘ನ್ಯೂಸ್‌ರೌಂಡ್’, ಪಠ್ಯ ವಿಭಾಗ ‘ಬೈಟ್‌ಸೈಜ್’ ಎರಡರಲ್ಲೂ ಚಿಕ್ಕ ಬರಹಗಳಿವೆ. ಬ್ರಿಟಿಷ್ ಕೌನ್ಸಿಲಿನ ‘ಲರ್ನ್‌ಇಂಗ್ಲಿಷ್’ ತಾಣದ ಪಾಠಗಳಿಗೆ ಎ1, ಎ2, ಬಿ1 ಎಂದು ಹಂತದ ಗುರುತಿದೆ. ಎ1 ಅತಿ ಸುಲಭದ್ದು. ನನ್ನ ಅಳತೆಗೋಲು ಒರಟು: ಮೊದಲ ನೂರು ಪದಗಳಲ್ಲಿ ಐದಕ್ಕಿಂತ ಹೆಚ್ಚು ಗೊತ್ತಿಲ್ಲದವು ಬಂದರೆ ಆ ಪುಟ ಬಿಟ್ಟು ಕೆಳಗಿನ ಹಂತಕ್ಕೆ ಇಳಿಯಿರಿ.

ಮೊದಲ ಸಲ ನಿಘಂಟು ಮುಟ್ಟದೆ ಕೊನೆಯವರೆಗೆ ಓದಿ. ಎರಡನೇ ಸಲ ಪೆನ್ಸಿಲ್ ಹಿಡಿಯಿರಿ. ಗೊತ್ತಿಲ್ಲದ ಪದಗಳಿಗೆ ಗೆರೆ ಎಳೆಯುವುದು ಎಲ್ಲರೂ ಮಾಡುವ ಕೆಲಸ. ನೀವು ಗೊತ್ತಿದ್ದೂ ಅಲ್ಲಿ ಸರಿಹೊಂದದ ಪದಗಳಿಗೆ ದುಂಡು ಹಾಕಿ. ಡಿಸೆಂಬರ್ 26ರ ‘ಬಾಕ್ಸಿಂಗ್ ಡೇ’ಗೆ ಗುದ್ದಾಟದ ಸಂಬಂಧವಿಲ್ಲ; ಅದು ಆಳುಕಾಳುಗಳಿಗೆ, ಅಂಗಡಿ ಹುಡುಗರಿಗೆ ಕೊಡುತ್ತಿದ್ದ ಕಾಣಿಕೆಯ ಪೆಟ್ಟಿಗೆ. ‘ಬ್ಯಾಂಕ್ ಹಾಲಿಡೇ’ ಎಂದರೆ ಬ್ಯಾಂಕ್ ನೌಕರರಿಗಷ್ಟೇ ರಜೆಯಲ್ಲ, ಅದು ಸಾರ್ವಜನಿಕ ರಜೆ. 1871ರ ಕಾಯ್ದೆಯಿಂದ ಬಂದ ಹೆಸರು.

ಶಾಲೆಯ ವಿಷಯಕ್ಕೆ ಬಂದರೆ ದುಂಡುಗಳ ಸುಗ್ಗಿ. ‘ಸ್ಕೂಲ್ ಡಿನ್ನರ್’ ರಾತ್ರಿಯದಲ್ಲ, ಮಧ್ಯಾಹ್ನದ್ದು, ನಮ್ಮ ಬಿಸಿಯೂಟದ ಹೊತ್ತಿನದು. ‘ಹಾಫ್ ಟರ್ಮ್’ ಅರ್ಧವಾರ್ಷಿಕ ಪರೀಕ್ಷೆಯಲ್ಲ. ಸೆಪ್ಟೆಂಬರಿನಲ್ಲಿ ಶುರುವಾಗಿ ಜುಲೈಗೆ ಮುಗಿಯುವ ಇಂಗ್ಲೆಂಡಿನ ಶಾಲಾ ವರ್ಷದ ಮೂರು ಟರ್ಮ್‌ಗಳಲ್ಲಿ ಪ್ರತಿಯೊಂದರ ಮಧ್ಯದಲ್ಲಿ ಬರುವ ಸುಮಾರು ಒಂದು ವಾರದ ಬಿಡುವು. ಶಾಲೆ ‘ಬ್ರೇಕ್ಸ್ ಅಪ್’ ಎಂದರೆ ಒಡೆದುಹೋಗಲಿಲ್ಲ, ರಜೆ ಸಿಕ್ಕಿತು. ಇನ್ನು ‘ಪಬ್ಲಿಕ್ ಸ್ಕೂಲ್’: ಆರನೇ ಹೆನ್ರಿ 1440ರಲ್ಲಿ ಕಟ್ಟಿಸಿದ ಈಟನ್‌ನಂಥ, ದುಬಾರಿ ಶುಲ್ಕದ ಖಾಸಗಿ ಶಾಲೆಗಳಿಗೆ ಇಂಗ್ಲೆಂಡಿನಲ್ಲಿ ಆ ಹೆಸರು. ನಮ್ಮ ಊರುಗಳ ಖಾಸಗಿ ಶಾಲೆಗಳ ಫಲಕಕ್ಕೂ ಅದು ಅಲ್ಲಿಂದಲೇ ಬಂದದ್ದು. ಆದರೆ ‘ಕರ್ನಾಟಕ ಪಬ್ಲಿಕ್ ಶಾಲೆ’ ಸರ್ಕಾರಿ ಶಾಲೆ! ಒಂದೇ ಪದ, ಎರಡು ದಿಕ್ಕು. ತರಗತಿಯಲ್ಲಿ ಇದರ ಮೇಲೆ ಅರ್ಧ ಗಂಟೆ ಚರ್ಚೆ ನಡೆದಿತ್ತು.

ದುಂಡು ಹಾಕಿದ ಪದವನ್ನು ನೋಟುಪುಸ್ತಕಕ್ಕೆ ಒಂಟಿಯಾಗಿ ಇಳಿಸಬೇಡಿ. ಎಡಗಡೆ ಬರಹದಲ್ಲಿದ್ದ ಇಡೀ ವಾಕ್ಯ, ಬಲಗಡೆ ಅದನ್ನೇ ನೀವು ಇಲ್ಲಿ ಹೇಗೆ ಹೇಳುತ್ತಿದ್ದಿರಿ ಎಂಬ ವಾಕ್ಯ. ನಾವು ಕನ್ನಡದಲ್ಲಿ ಪರೀಕ್ಷೆ ‘ಬರೆಯುತ್ತೇವೆ’, ಹಾಗಾಗಿ ಇಂಗ್ಲಿಷಿನಲ್ಲೂ ‘ರೈಟ್’ ಮಾಡುತ್ತೇವೆ. ಬ್ರಿಟನ್ನಿನ ಮಕ್ಕಳು ಪರೀಕ್ಷೆಯನ್ನು ‘ಟೇಕ್’ ಮಾಡುತ್ತಾರೆ, ಇಲ್ಲವೇ ‘ಸಿಟ್’ ಮಾಡುತ್ತಾರೆ. ಕಾಲೇಜು ಮುಗಿಸಿದ್ದಕ್ಕೆ ನಾವು ‘ಪಾಸ್ಡ್ ಔಟ್’ ಎನ್ನುತ್ತೇವೆ. ಅಲ್ಲಿನವರು ಕೇಳಿದರೆ ಮೂರ್ಛೆ ಹೋದಿರೇ ಎಂದು ನೀರು ತಂದಾರು. ಬಲಗಡೆಯದು ಹೊಡೆದುಹಾಕಬೇಕಾದ ತಪ್ಪು ಎಂದು ನಾನು ಹೇಳುವುದಿಲ್ಲ. ಅದು ಈ ನೆಲದ ಇಂಗ್ಲಿಷ್. ಯಾರ ಮುಂದೆ ಯಾವುದು ಎಂಬುದು ತಿಳಿದಿದ್ದರೆ ಆಯಿತು.

ಉಚ್ಚಾರಣೆಗೆ ಕಿವಿಯೇ ಬೇಕು, ಓದು ಸಾಲದು. ‘ಲೀಸೆಸ್ಟರ್’ ಎಂದು ಓದಿಕೊಂಡ ಊರು ವಾಸ್ತವವಾಗಿ ‘ಲೆಸ್ಟರ್’. ಆ ಊರಿನ ಬೆಲ್‌ಗ್ರೇವ್ ರಸ್ತೆಯ ದೀಪಾವಳಿ ಭಾರತದ ಹೊರಗೆ ನಡೆಯುವ ದೊಡ್ಡ ಆಚರಣೆಗಳಲ್ಲಿ ಒಂದು; ಅದರ ಸುದ್ದಿಯ ವಿಡಿಯೊ ಹುಡುಕಿ ಕೇಳಿ. ಚಹಾ, ಮಳೆ, ರಾಜಮನೆತನ ಮಾತ್ರವೇ ಬ್ರಿಟನ್ ಎಂಬ ಹಳೆಯ ಪಠ್ಯಪುಸ್ತಕದ ಚಿತ್ರವೂ ಸ್ವಲ್ಪ ಅಳಿಸುತ್ತದೆ. ಅಲ್ಲಿ ನಮ್ಮ ಪಟಾಕಿಗೆ ‘ಫೈರ್‌ವರ್ಕ್ಸ್’ ಎನ್ನುವುದನ್ನು ಗಮನಿಸಿ.

ಕೊನೆಯ ಕೆಲಸಕ್ಕೆ ಹೆಚ್ಚಿನವರು ಕಳ್ಳ ಬೀಳುತ್ತಾರೆ: ಬರೆಯುವುದು. ಓದಿದ ಬರಹದ ಅಚ್ಚಿನಲ್ಲೇ ನಿಮ್ಮ ಮನೆಯ ಹಬ್ಬವನ್ನು, ನಿಮ್ಮ ಶಾಲೆಯ ರಜೆಯನ್ನು ಎಂಟು ವಾಕ್ಯದಲ್ಲಿ ಇಂಗ್ಲಿಷಿನಲ್ಲಿ ಬರೆಯಿರಿ. ಓದುವವನು ಇಲ್ಲಿಗೆ ಎಂದೂ ಬಾರದ ಹನ್ನೆರಡು ವರ್ಷದ ಬ್ರಿಟಿಷ್ ಹುಡುಗ ಎಂದುಕೊಳ್ಳಿ. ಅವರ ಆಟೋಟದ ದಿನದಲ್ಲಿ ಚಮಚದಲ್ಲಿ ಮೊಟ್ಟೆ ಇಟ್ಟು ಓಡುತ್ತಾರೆ, ನಮ್ಮಲ್ಲಿ ನಿಂಬೆಹಣ್ಣು. ಅಷ್ಟು ಸಾಕು, ಒಂದು ವಾಕ್ಯ ಹುಟ್ಟುತ್ತದೆ.

ಪಟಾಕಿಯ ಪ್ರಶ್ನೆ ಕೇಳಿದ ಹುಡುಗಿ ಯುಗಾದಿಯ ಬಗ್ಗೆ ಬರೆದು ತಂದಳು. ಹೋಳಿಗೆಯನ್ನು ಇಂಗ್ಲಿಷಿಗೆ ತರಲು ಮೂರು ಬಾರಿ ಬರೆದು ಮೂರು ಬಾರಿ ಹೊಡೆದುಹಾಕಿದ್ದಳು. ಸ್ಕಾಟ್ಲೆಂಡಿನವರು ತಮ್ಮ ಮಾಂಸದ ಖಾದ್ಯ ‘ಹ್ಯಾಗಿಸ್’ ಅನ್ನು ನಮಗಾಗಿ ಅನುವಾದಿಸಿಲ್ಲವಲ್ಲ, ನೀನೂ ಹೋಳಿಗೆ ಎಂದೇ ಬರೆ, ಮುಂದೆ ಒಂದು ಅಲ್ಪವಿರಾಮ ಹಾಕಿ ಅದು ಏನೆಂದು ನಾಲ್ಕು ಪದದಲ್ಲಿ ಹೇಳು ಎಂದೆ. ನಾಲ್ಕು ಪದ ಸಾಲದೆ ಹನ್ನೊಂದು ಬರೆದಳು; ತುಪ್ಪವನ್ನು ಬಿಡಲು ಅವಳಿಗೆ ಮನಸ್ಸಾಗಲಿಲ್ಲ.