ಎರಡು ತಟ್ಟೆಗಳ ನಡುವೆ ತೂಗಿದ ಗುಂಡು: ನನ್ನ ಅನುಭವ

ಪದವಿಪೂರ್ವ ತರಗತಿಗೆ ಸ್ಥಾಯೀವಿದ್ಯುತ್ತಿನ ಪಾಠ ಮಾಡುವಾಗ ಪ್ರತಿ ವರ್ಷವೂ ಕರಿಹಲಗೆಗೆ ಬರುವ ಲೆಕ್ಕವೊಂದಿದೆ. ನೆಟ್ಟಗೆ ನಿಲ್ಲಿಸಿದ ಎರಡು ಸಮಾಂತರ ತಟ್ಟೆಗಳ ನಡುವೆ ವಿದ್ಯುತ್ ಆವೇಶವುಳ್ಳ (ಚಾರ್ಜ್ ಇರುವ) ಚಿಕ್ಕ ಗುಂಡೊಂದು ದಾರದಲ್ಲಿ ತೂಗುತ್ತಿದೆ, ತಟ್ಟೆಗಳಿಗೆ ವಿಭವಾಂತರ (ವೋಲ್ಟೇಜ್) ಕೊಟ್ಟಾಗ ದಾರ ಇಂತಿಷ್ಟು ವಾಲುತ್ತದೆ, ಆವೇಶವೆಷ್ಟು? ತೂಕ ಕೆಳಕ್ಕೆ, ವಿದ್ಯುತ್ ಬಲ ಅಡ್ಡಕ್ಕೆ, ದಾರದ ಎಳೆತ ಓರೆಯಾಗಿ ಮೇಲಕ್ಕೆ ಇರುವುದರಿಂದ, ವಾಲಿದ ಕೋನದ ಟ್ಯಾನ್ ಬೆಲೆಯು ವಿದ್ಯುತ್ ಬಲವನ್ನು ತೂಕದಿಂದ ಭಾಗಿಸಿದಷ್ಟಿರುತ್ತದೆ. ಮೂರು ಸಾಲಿನಲ್ಲಿ ಉತ್ತರ ಸಿಗುತ್ತದೆ. ಈ ಲೆಕ್ಕವನ್ನು ಎಷ್ಟೋ ವರ್ಷ ಬಿಡಿಸಿದ್ದರೂ ಅದನ್ನು ಒಮ್ಮೆಯೂ ಅಳೆದು ನೋಡಿರಲಿಲ್ಲವೆಂಬುದು ನನ್ನನ್ನು ಕಾಡುತ್ತಿತ್ತು. ಆದುದರಿಂದ ಒಂದು ಬೇಸಿಗೆಯ ಮುಂಚೆ ಸಲಕರಣೆಗಳನ್ನು ನಾನೇ ಕಟ್ಟಿಕೊಂಡೆ.

ಬೇಸಿಗೆಯ ಮುಂಚೆ ಎಂದು ಹೇಳಲು ಕಾರಣವಿದೆ. ನಮ್ಮದು ಮಲೆನಾಡು. ಮಳೆಗಾಲದಲ್ಲಿ ಮಾಡಿದ ಮೊದಲ ಪ್ರಯತ್ನದಲ್ಲಿ ಹತ್ತಿಯ ದಾರಕ್ಕೆ ಕಟ್ಟಿದ ಗುಂಡು ಒಂದು ನಿಮಿಷವೂ ಆವೇಶವನ್ನು ಹಿಡಿದಿಟ್ಟುಕೊಳ್ಳಲಿಲ್ಲ. ತೇವ ಹೀರಿದ ದಾರವೇ ಸೋರುವ ದಾರಿಯಾಗಿತ್ತು. ರೇಷ್ಮೆಯ ಎಳೆ ಸ್ವಲ್ಪ ವಾಸಿಯೆನಿಸಿತು. ಕೊನೆಗೆ ಮೀನಿನ ಗಾಳಕ್ಕೆ ಬಳಸುವ ಅತಿ ತೆಳುವಾದ ನೈಲಾನ್ ಎಳೆಯನ್ನು ಸ್ಪಿರಿಟ್‌ನಿಂದ ಒರೆಸಿ, ಬರಿಗೈಯಲ್ಲಿ ಮುಟ್ಟದೆ ಕಟ್ಟಿದಾಗ, ಫೆಬ್ರವರಿಯ ಒಣಹವೆಯಲ್ಲಿ ಹಲವು ನಿಮಿಷ ಆವೇಶ ನಿಂತಿತು. ಒಂದೇ ಎಳೆಯಲ್ಲಿ ತೂಗಿದರೆ ಗುಂಡು ಪಕ್ಕಕ್ಕೂ ಓಲಾಡುತ್ತದೆ. ಎರಡು ಎಳೆಗಳನ್ನು ಮೇಲ್ಗಡೆ ಅಗಲಿಸಿ ಕಟ್ಟಿದರೆ ಅದು ತಟ್ಟೆಯಿಂದ ತಟ್ಟೆಯ ಕಡೆಗೆ ಮಾತ್ರ ಚಲಿಸುತ್ತದೆ. ತೂಗಿನ ನೇರ ಎತ್ತರ 40 ಸೆಂಟಿಮೀಟರ್.

ಗುಂಡಿಗಾಗಿ 12 ಮಿಲಿಮೀಟರ್ ವ್ಯಾಸದ ಥರ್ಮಕೋಲ್ ಉಂಡೆಗೆ ಗ್ರಾಫೈಟ್ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದು ಒಣಗಿಸಿದೆ. ತೂಕದ ವಿಷಯದಲ್ಲಿ ಪ್ರಯೋಗಾಲಯದ ತಕ್ಕಡಿಯನ್ನು ನೆಚ್ಚಿಕೊಳ್ಳಲಾಗಲಿಲ್ಲ. ಪರಿಚಯದ ಚಿನ್ನದಂಗಡಿಗೆ ಹೋಗಿ, ಮಿಲಿಗ್ರಾಂ ತೋರಿಸುವ ಅವರ ತಕ್ಕಡಿಯಲ್ಲಿ ನಾಲ್ಕಾರು ಗುಂಡುಗಳನ್ನು ತೂಗಿ, 100 ಮಿಲಿಗ್ರಾಂ ಇದ್ದುದನ್ನು ಆರಿಸಿಕೊಂಡೆ. ಅದರ ಭಾರ 980 ಮೈಕ್ರೊನ್ಯೂಟನ್. ತಟ್ಟೆಗಳು 30 ಸೆಂಟಿಮೀಟರ್ ಚೌಕದ ಅಲ್ಯೂಮಿನಿಯಂ ಹಾಳೆಗಳು, ನಡುವಿನ ಅಂತರ 10 ಸೆಂಟಿಮೀಟರ್. ಚೂಪಾದ ಮೂಲೆಗಳಿಂದ ಆವೇಶ ಗಾಳಿಗೆ ಸೋರುತ್ತದೆಯಾದ್ದರಿಂದ ಅಂಚುಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿದೆ. ವಿದ್ಯುತ್ತಿಗೆ ಶಾಲಾ ಪ್ರಯೋಗಗಳಿಗೆಂದೇ ತಯಾರಾದ, ಪ್ರವಾಹವನ್ನು ಒಂದು ಮಿಲಿಆಂಪಿಯರ್‌ಗಿಂತ ಕೆಳಗೆ ಮಿತಿಗೊಳಿಸುವ ಅಧಿಕ ವೋಲ್ಟೇಜ್ ಪೂರೈಕೆಯನ್ನೇ ಬಳಸಿದೆ. ಈ ಮಿತಿಯಿಲ್ಲದ ಯಾವ ಮೂಲವನ್ನೂ ಯಾರೂ ಇದಕ್ಕೆ ಜೋಡಿಸಬಾರದು.

ಆವೇಶ ಕೊಡುವ ಕ್ರಮ ಹೀಗಿತ್ತು. ತಟ್ಟೆಗಳನ್ನು ದೂರ ಸರಿಸಿಟ್ಟು, 3000 ವೋಲ್ಟ್‌ನಲ್ಲಿರುವ ತಂತಿಯ ತುದಿಯನ್ನು ಗುಂಡಿಗೆ ತಾಗಿಸಿ ತೆಗೆಯುವುದು. ಆಮೇಲೆ ತಟ್ಟೆಗಳನ್ನು ಎರಡೂ ಕಡೆಯಿಂದ ಸಮನಾಗಿ ತರುವುದು. 6 ಮಿಲಿಮೀಟರ್ ತ್ರಿಜ್ಯದ ಒಂಟಿ ಗೋಳ ಆ ವಿಭವದಲ್ಲಿ 2 ನ್ಯಾನೊಕೂಲಂ ಆವೇಶ ಹೊಂದಬೇಕೆಂದು ಲೆಕ್ಕ ಹೇಳುತ್ತದೆ. ಲೆಕ್ಕವನ್ನಷ್ಟೇ ನಂಬದೆ, ಗುಂಡನ್ನು ಲೋಹದ ಡಬ್ಬಿಯೊಳಗೆ ಇಳಿಸಿ ಅಳೆದೆ. ಡಬ್ಬಿಗೆ 10 ನ್ಯಾನೊಫ್ಯಾರಡ್ ಧಾರಕವನ್ನೂ (ಕೆಪ್ಯಾಸಿಟರ್) ಅದರ ಆಚೆ, ತನ್ನೊಳಕ್ಕೆ ಆವೇಶವನ್ನು ಬಹುತೇಕ ಹರಿಯಗೊಡದ ಸಿಎ 3140 ಐಸಿಯನ್ನೂ ಜೋಡಿಸಿದ್ದೆ; ಸಾಮಾನ್ಯ ಮಲ್ಟಿಮೀಟರನ್ನು ನೇರವಾಗಿ ಹಚ್ಚಿದರೆ ಓದುವಷ್ಟರಲ್ಲಿ ಆವೇಶ ಅದರ ಮೂಲಕವೇ ಹರಿದುಹೋಗುತ್ತದೆ. ಮೀಟರ್ 0.2 ವೋಲ್ಟ್‌ನ ಆಸುಪಾಸು ತೋರಿಸಿತು, ಅಂದರೆ 2 ನ್ಯಾನೊಕೂಲಂ. ಗುಂಡಿನ ಸ್ಥಾನವನ್ನು, ದೂರದಿಂದ ಎಲ್‌ಇಡಿ ದೀಪ ಬಿಟ್ಟು, ಗ್ರಾಫ್ ಹಾಳೆಯ ಮೇಲೆ ಬೀಳುವ ನೆರಳಿನಿಂದ ಓದಿಕೊಂಡೆ. ಅಳತೆಪಟ್ಟಿ ಹಿಡಿದು ಹತ್ತಿರ ಹೋದರೆ ಗುಂಡು ನನ್ನ ಕೈಯತ್ತಲೇ ವಾಲುತ್ತಿತ್ತು.

ಇಲ್ಲಿಂದ ಮುಂದೆ ಲೆಕ್ಕ ಮತ್ತು ಅಳತೆ ಬೇರೆಬೇರೆ ದಾರಿ ಹಿಡಿದವು. 1000 ವೋಲ್ಟ್‌ಗೆ ಗುಂಡು 8 ಮಿಲಿಮೀಟರ್ ಸರಿಯಬೇಕಿತ್ತು, 9 ಮಿಲಿಮೀಟರಿಗೂ ಸ್ವಲ್ಪ ಹೆಚ್ಚು ಸರಿಯಿತು. 2000 ವೋಲ್ಟ್‌ಗೆ 16 ಇರಬೇಕಾದಲ್ಲಿ 19 ಬಂತು, 2500ಕ್ಕೆ 20 ಇರಬೇಕಾದಲ್ಲಿ 26. ಅಲ್ಲಿಂದ ಸ್ವಲ್ಪವೇ ಏರಿಸಿ ಇನ್ನೂ 2600 ಮುಟ್ಟಿರಲಿಲ್ಲ, ಗುಂಡು ಒಮ್ಮೆಲೇ ಹಾರಿ ಋಣ ತಟ್ಟೆಗೆ ಬಡಿಯಿತು. ನನ್ನ ಸೂತ್ರದ ಪ್ರಕಾರ ಆಗ ಅದು ತಟ್ಟೆಯಿಂದ ಎರಡು ಸೆಂಟಿಮೀಟರಿಗೂ ಹೆಚ್ಚು ದೂರದಲ್ಲಿ ನೆಮ್ಮದಿಯಾಗಿ ನಿಂತಿರಬೇಕಿತ್ತು.

ಆವೇಶ ಸೋರಿದೆಯೆಂದುಕೊಳ್ಳೋಣವೆಂದರೆ ಸೋರಿಕೆಯಿಂದ ಸರಿತ ಕಡಿಮೆಯಾಗಬೇಕೇ ಹೊರತು ಹೆಚ್ಚಾಗಬಾರದು. ಗುಂಡು ನಡುವಿನಿಂದ ಆಚೀಚೆ ಕಟ್ಟಲ್ಪಟ್ಟಿದೆಯೇ ಎಂದು ತಟ್ಟೆಗಳ ಧ್ರುವಗಳನ್ನು ಅದಲುಬದಲು ಮಾಡಿದೆ. ಎದುರು ದಿಕ್ಕಿನಲ್ಲೂ ಅಷ್ಟೇ ಸರಿಯಿತು. ವೋಲ್ಟ್‌ಮೀಟರನ್ನು ಬೇರೊಂದು ಪ್ರೋಬ್‌ನಿಂದ ಪರೀಕ್ಷಿಸಿದೆ, ದೋಷವಿರಲಿಲ್ಲ. ಎರಡು ದಿನ ಇದರಲ್ಲೇ ಕಳೆದ ಮೇಲೆ, ನಾನು ಕೇಳಿಕೊಂಡಿರದಿದ್ದ ಪ್ರಶ್ನೆ ಹೊಳೆಯಿತು: ತಟ್ಟೆಗಳು ಗುಂಡಿನ ಮೇಲೆ ಮಾಡುವುದನ್ನು ಬರೆದೆ, ಗುಂಡು ತಟ್ಟೆಗಳ ಮೇಲೆ ಏನು ಮಾಡುತ್ತದೆ?

ತಟ್ಟೆಗಳು ವಾಹಕಗಳು. ಧನ ಆವೇಶದ ಗುಂಡು ಎದುರಿಗಿದ್ದಾಗ ತಟ್ಟೆಯ ಮೇಲ್ಮೈಯಲ್ಲಿ ಋಣ ಆವೇಶ ಒಟ್ಟುಗೂಡುತ್ತದೆ, ಮತ್ತು ಅದರ ಪರಿಣಾಮವು ತಟ್ಟೆಯ ಹಿಂದೆ ಅಷ್ಟೇ ದೂರದಲ್ಲಿ ಅಷ್ಟೇ ಪ್ರಮಾಣದ ವಿರುದ್ಧ ಆವೇಶವೊಂದು, ಕನ್ನಡಿಯೊಳಗಿನ ಬಿಂಬದ ಹಾಗೆ, ಕುಳಿತಂತೆ ಇರುತ್ತದೆ. ಗುಂಡು ನಟ್ಟನಡುವೆ ಇರುವಾಗ ಎರಡೂ ಕಡೆಯ ಬಿಂಬಗಳ ಸೆಳೆತ ಸರಿತೂಗುತ್ತದೆ. ಒಂದು ಕಡೆಗೆ ವಾಲಿದೊಡನೆ ಹತ್ತಿರದ ಬಿಂಬದ ಕೈ ಮೇಲಾಗುತ್ತದೆ. ನನ್ನ ಗುಂಡು 25 ಮಿಲಿಮೀಟರ್ ಸರಿದ ಜಾಗದಲ್ಲಿ ತಟ್ಟೆಗಳ ನಡುವಿನ ವಿದ್ಯುತ್ ಕ್ಷೇತ್ರದ ಬಲ ಸುಮಾರು 49 ಮೈಕ್ರೊನ್ಯೂಟನ್ ಆದರೆ ಬಿಂಬಗಳ ಸೆಳೆತವೇ ಸುಮಾರು 13. ಗುಂಡನ್ನು ಹಿಂದಕ್ಕೆ ಎಳೆಯುವ ತೂಕದ ಪಾಲು ಸರಿದ ದೂರದ ಅನುಪಾತದಲ್ಲಷ್ಟೇ ಬೆಳೆಯುತ್ತದೆ, ಬಿಂಬದ ಸೆಳೆತವಾದರೋ ತಟ್ಟೆ ಸಮೀಪಿಸಿದಂತೆ ದೂರದ ವರ್ಗಕ್ಕೆ ವಿಲೋಮವಾಗಿ ಏರುತ್ತದೆ. ಆದ್ದರಿಂದ ಒಂದು ಹಂತದ ಆಚೆಗೆ ಸಮತೋಲದ ಜಾಗವೇ ಉಳಿಯುವುದಿಲ್ಲ. ಲೆಕ್ಕ ಹಾಕಿದಾಗ ಆ ಹಂತ 31 ಮಿಲಿಮೀಟರ್ ಸುಮಾರಿಗೆ, 2600 ವೋಲ್ಟ್‌ನ ಹತ್ತಿರ ಬಂತು.

ಲೆಕ್ಕ ಕೂಡಿಬಂದಿತೆಂದು ಸುಮ್ಮನಿರಲು ಮನಸ್ಸಾಗಲಿಲ್ಲ. ಎರಡೂ ತಟ್ಟೆಗಳನ್ನು ಭೂಸಂಪರ್ಕಕ್ಕೆ ಜೋಡಿಸಿ, ಹೊರಗಿನ ಕ್ಷೇತ್ರವೇ ಇಲ್ಲದಂತೆ ಮಾಡಿ, ಆವೇಶವಿಲ್ಲದ ಗುಂಡನ್ನು ನಡುವಿನಿಂದ 10 ಮಿಲಿಮೀಟರ್ ಆಚೆ ತೂಗಿ, ಆಮೇಲೆ ಆವೇಶ ಕೊಟ್ಟೆ. ಹತ್ತಿರದ ತಟ್ಟೆಯ ಕಡೆಗೆ ಅದು ಸುಮಾರು ಒಂದೂವರೆ ಮಿಲಿಮೀಟರ್ ಸರಿದು ನಿಂತಿತು. ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟದ್ದು ಆ ಒಂದೂವರೆ ಮಿಲಿಮೀಟರ್. ಬಳಿಕ 1500 ವೋಲ್ಟ್‌ನಿಂದ ಅರ್ಧ ಆವೇಶ ಕೊಟ್ಟು ಮೊದಲಿನ ಪ್ರಯೋಗವನ್ನು ಮತ್ತೆ ಮಾಡಿದೆ. ಬಿಂಬದ ಬಲ ಆವೇಶದ ವರ್ಗವನ್ನು ಅನುಸರಿಸುವುದರಿಂದ ಅದು ಕಾಲು ಭಾಗಕ್ಕೆ ಇಳಿಯಬೇಕು; 2600 ವೋಲ್ಟ್‌ಗೆ ಸರಿತ 11 ಮಿಲಿಮೀಟರ್ ಬಂದು, ಪಠ್ಯದ ಸರಳ ಸೂತ್ರ ಹೇಳುವ 10.6ಕ್ಕೆ ಬಹಳ ಹತ್ತಿರವಾಯಿತು.

ತಟ್ಟೆಗೆ ಬಡಿದ ಗುಂಡಿನ ವಿಷಯವನ್ನೂ ಹೇಳಬೇಕು. ಅದು ಧನ ಆವೇಶವನ್ನು ಕಳೆದುಕೊಂಡು ಋಣ ತಟ್ಟೆಯಿಂದ ಋಣ ಆವೇಶ ಪಡೆದು, ಕೆಲಕಾಲ ಓಲಾಡಿ, ನಡುವಿನಿಂದ ಧನ ತಟ್ಟೆಯ ಕಡೆಗೆ ಕೇವಲ 2 ಮಿಲಿಮೀಟರ್ ದೂರದಲ್ಲಿ ನಿಂತಿತು. ಅಷ್ಟು ಕಡಿಮೆಯೇಕೆಂದರೆ, ತಟ್ಟೆಗೆ ತಾಗಿದ ಗೋಳವು ಪಡೆಯುವ ಆವೇಶವನ್ನು ನಿರ್ಧರಿಸುವುದು ಅಲ್ಲಿನ ಕ್ಷೇತ್ರ ಮತ್ತು ತ್ರಿಜ್ಯದ ವರ್ಗ. ತಂತಿಯಿಂದ ಕೊಟ್ಟ 2 ನ್ಯಾನೊಕೂಲಂಗೆ ಹೋಲಿಸಿದರೆ ಅದು ಹತ್ತರಲ್ಲಿ ಒಂದು ಪಾಲೂ ಇಲ್ಲ. ಗುಂಡು ಇನ್ನೂ ಹಗುರವಾಗಿದ್ದು ಅಂತರ ಕಿರಿದಾಗಿದ್ದರೆ ನಿಲ್ಲದೆ ತಟ್ಟೆಯಿಂದ ತಟ್ಟೆಗೆ ಓಡಾಡುತ್ತಿತ್ತು; 1742ರಲ್ಲಿ ಜರ್ಮನಿಯ ಎರ್ಫರ್ಟ್‌ನ ಪ್ರಾಧ್ಯಾಪಕ ಆಂಡ್ರ್ಯೂ ಗಾರ್ಡನ್ ರೂಪಿಸಿದ ವಿದ್ಯುತ್ ಗಂಟೆಗಳು ನುಡಿಯುತ್ತಿದ್ದುದು ಈ ಓಡಾಟದಿಂದಲೇ.

ಈಗ ತಟ್ಟೆಗಳ ಅಂತರವನ್ನು 20 ಸೆಂಟಿಮೀಟರಿಗೆ ಹೆಚ್ಚಿಸುವ ತಯಾರಿಯಲ್ಲಿದ್ದೇನೆ. ಅಂತರ ಎರಡರಷ್ಟಾದರೆ ನಡುವಿನ ಬಳಿ ಬಿಂಬಗಳ ಪ್ರಭಾವ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ, ಆದರೆ ಕ್ಷೇತ್ರ ಏಕರೂಪವಾಗಿರಲು ತಟ್ಟೆಗಳೂ 60 ಸೆಂಟಿಮೀಟರ್ ಆಗಬೇಕು. ಪ್ಲೈವುಡ್ ಹಲಗೆಗಳಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿ ಇಟ್ಟಾಗಿದೆ. ಮಳೆ ನಿಂತು ಹವೆ ಒಣಗಬೇಕು, ಅಷ್ಟೇ.