ಟೈಪ್ 1 ಮಧುಮೇಹ: ಪೋಷಕರಿಗೆ ನಾನು ಟಿ ಕೋಶಗಳ ವಿಷಯ ಹೇಳುವ ಬಗೆ

ಮಗುವಿಗೆ ಟೈಪ್ 1 ಮಧುಮೇಹ ಎಂದು ತಿಳಿದ ಕೂಡಲೇ ತಾಯಿ ಕೇಳುವುದು ಔಷಧಿಯ ಬಗ್ಗೆ ಅಲ್ಲ. ‘ನಾನು ಏನು ತಿನ್ನಿಸಿ ಹೀಗಾಯಿತು?’ ಎಂದು ಕೇಳುತ್ತಾಳೆ. ಅಜ್ಜಿ ಕೊಟ್ಟ ಬೆಲ್ಲ, ಜಾತ್ರೆಯ ಮಿಠಾಯಿ, ಶ್ರೀನಿವಾಸಪುರದ ಮಾವು, ಎಲ್ಲದರ ಮೇಲೂ ಅನುಮಾನ. ಕೋಲಾರದಲ್ಲಿ ಕೊಳವೆಬಾವಿಯ ಫ್ಲೋರೈಡ್ ನೀರಿನ ಮೇಲೂ ದೂರು ಬೀಳುತ್ತದೆ. ಫ್ಲೋರೈಡ್ ಹಲ್ಲು, ಮೂಳೆಗಳನ್ನು ಕೆಡಿಸುವುದು ನಿಜ. ಈ ಕಾಯಿಲೆಯ ದಾರಿಯೇ ಬೇರೆ. ಈ ಜಿಲ್ಲೆಯಲ್ಲಿ ಮಕ್ಕಳ ವೈದ್ಯೆಯಾಗಿ ನಾನು ಕಂಡುಕೊಂಡದ್ದು ಇದು: ಆ ದಾರಿಯನ್ನು ಟಿ ಕೋಶಗಳಿಂದಲೇ, ಅಂದರೆ ಸೋಂಕಿನ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳಿಂದಲೇ, ಶುರುಮಾಡಿ ಬಿಡಿಸಿ ಹೇಳಿದ ಮನೆಗಳಲ್ಲಿ ಇನ್ಸುಲಿನ್ ತಪ್ಪುವುದು ಕಡಿಮೆ.

ಮೊದಲು ಹಸುಗೂಸೊಂದರ ಎದೆಯ ಎಕ್ಸ್‌ರೇ ತೋರಿಸುತ್ತೇನೆ. ಹೃದಯದ ಮೇಲ್ಭಾಗದಲ್ಲಿ ಅಗಲವಾದ ನೆರಳೊಂದು ಕಾಣುತ್ತದೆ. ಅದು ಥೈಮಸ್ ಗ್ರಂಥಿ. ಹರೆಯ ದಾಟಿದ ಮೇಲೆ ಕುಗ್ಗುತ್ತಾ ಹೋಗುವ ಈ ಗ್ರಂಥಿಯನ್ನು ಬಹಳ ಕಾಲ ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ರೋಗನಿರೋಧಕ ವ್ಯವಸ್ಥೆ ರೂಪುಗೊಳ್ಳಲು ಅದು ಬೇಕೇ ಬೇಕು ಎಂದು ವಿಜ್ಞಾನಿ ಜಾಕ್ ಮಿಲ್ಲರ್ ತೋರಿಸಿದ್ದು 1961ರಲ್ಲಿ. ಮೂಳೆಯ ಮಜ್ಜೆಯಿಂದ ಬಂದ ಎಳೆಯ ಕೋಶಗಳು ಇಲ್ಲಿ ಟಿ ಕೋಶಗಳಾಗಿ ಬೆಳೆಯುತ್ತವೆ. ಪ್ರತಿಯೊಂದರ ಮೈಮೇಲೂ ಗುರಿಯನ್ನು ಗುರುತಿಸಿ ಹಿಡಿಯುವ ತನ್ನದೇ ಆದ ಗ್ರಾಹಕವಿರುತ್ತದೆ, ಅದು ತಯಾರಾಗುವುದು ಜೀನ್ ತುಣುಕುಗಳ ಯಾದೃಚ್ಛಿಕ ಜೋಡಣೆಯಿಂದ. ಹಾಗಾಗಿ ಎಂದೂ ಕಾಣದ ವೈರಸ್ಸನ್ನು ಗುರುತಿಸುವ ಕೋಶವೂ ಹುಟ್ಟುತ್ತದೆ, ನಮ್ಮದೇ ಅಂಗವನ್ನು ಶತ್ರುವೆಂದು ಹಿಡಿಯುವ ಕೋಶವೂ ಹುಟ್ಟುತ್ತದೆ.

ಮುಂದಿನದನ್ನು ಹೇಳಲು ಟೊಮ್ಯಾಟೊ ಮಂಡಿ ಸಾಕು. ದೂರದ ಊರಿಗೆ ಕಳಿಸುವ ಕ್ರೇಟಿನಿಂದ ತೀರಾ ಕಾಯನ್ನೂ ತೀರಾ ಹಣ್ಣನ್ನೂ ತೆಗೆದುಹಾಕುತ್ತಾರಲ್ಲ, ಥೈಮಸ್ ಕೂಡ ಹಾಗೆಯೇ ಎರಡೂ ಕಡೆಯಿಂದ ಆರಿಸುತ್ತದೆ. ನಮ್ಮ ದೇಹದ ಗುರುತಿನ ಅಣುಗಳನ್ನು ಓದಲಾರದ ಕೋಶ ಸಾಯುತ್ತದೆ. ದೇಹದ ಪ್ರೋಟೀನಿಗೆ ಬಲವಾಗಿ ಅಂಟಿಕೊಳ್ಳುವ ಕೋಶವೂ ಸಾಯುತ್ತದೆ. ನೂರರಲ್ಲಿ ತೊಂಬತ್ತೈದಕ್ಕಿಂತ ಹೆಚ್ಚು ಅಲ್ಲೇ ಮುಗಿಯುತ್ತವೆ. ಮಂಡಿಯಲ್ಲಿ ಇಲ್ಲದ ಮೂರನೆಯ ಗತಿಯೊಂದು ಇಲ್ಲಿದೆ. ತನ್ನದನ್ನೇ ಸ್ವಲ್ಪ ಗಟ್ಟಿಯಾಗಿ ಹಿಡಿಯುವ ಕೆಲವು ಕೋಶಗಳು ಸಾಯದೆ, ಉಳಿದವರನ್ನು ತಡೆಯುವ ನಿಯಂತ್ರಕ ಟಿ ಕೋಶಗಳಾಗುತ್ತವೆ.

ಎದೆಯಲ್ಲಿರುವ ಗ್ರಂಥಿಗೆ ಹೊಟ್ಟೆಯಲ್ಲಿದ್ದು ಇನ್ಸುಲಿನ್ ತಯಾರಿಸುವ ಮೇದೋಜೀರಕ ಗ್ರಂಥಿಯ ಪ್ರೋಟೀನ್ ಹೇಗೆ ಗೊತ್ತು? ಈ ಪ್ರಶ್ನೆಯನ್ನು ಓದು ಬರಹ ತಿಳಿಯದ ತಂದೆಯರೂ ಕೇಳಿದ್ದಾರೆ, ಪ್ರತಿ ಸಲವೂ ನನಗೆ ಸಂತೋಷವಾಗಿದೆ. ಏರ್ ಎಂಬ ಜೀನ್‌ನ ನೆರವಿನಿಂದ ಥೈಮಸ್ ತಾನೇ ದೇಹದ ನಾನಾ ಅಂಗಗಳ ಪ್ರೋಟೀನುಗಳನ್ನು ಚೂರುಪಾರು ತಯಾರಿಸುತ್ತದೆ. ಅದರಲ್ಲಿ ಇನ್ಸುಲಿನ್ ಕೂಡ ಇದೆ. ಕೆಲವರಿಗೆ ಥೈಮಸ್‌ನಲ್ಲಿ ಇನ್ಸುಲಿನ್ ಕಡಿಮೆ ತಯಾರಾಗುವಂಥ ಜೀನ್ ರೂಪ ಬಂದಿರುತ್ತದೆ. ಅಂಥವರಲ್ಲಿ ಟೈಪ್ 1ರ ಸಾಧ್ಯತೆ ಹೆಚ್ಚು. ಇಷ್ಟು ಕೇಳಿದ ಮೇಲೆ ಬೆಲ್ಲದ ಮಾತು ತಾನಾಗಿ ಹಿಂದೆ ಸರಿಯುತ್ತದೆ.

ಥೈಮಸ್ ಎಷ್ಟೇ ಆರಿಸಿದರೂ ಕೆಲವು ಕೋಶಗಳು ನುಸುಳುತ್ತವೆ, ಎಲ್ಲರಲ್ಲೂ. ಅವನ್ನು ಹೊರಗೆ ತಡೆದಿಡುವುದು ನಿಯಂತ್ರಕ ಟಿ ಕೋಶಗಳ ಕೆಲಸ. 1995ರಲ್ಲಿ ಶಿಮೊನ್ ಸಕಾಗುಚಿ ಈ ಕೋಶಗಳನ್ನು ಗುರುತಿಸಿದರು. 2001ರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್, ಈ ಕೋಶಗಳು ರೂಪುಗೊಳ್ಳಲು ಬೇಕಾದ ಫಾಕ್ಸ್‌ಪಿ3 ಜೀನ್ ಪತ್ತೆಹಚ್ಚಿದರು. ಮೂವರಿಗೂ 2025ರ ವೈದ್ಯಕೀಯ ನೊಬೆಲ್ ಬಂತು. ಆ ಜೀನ್ ಕೆಟ್ಟು ಹುಟ್ಟುವ ಅಪರೂಪದ ಗಂಡುಮಕ್ಕಳಲ್ಲಿ ಕರುಳು, ಚರ್ಮ, ಮೇದೋಜೀರಕ ಎಲ್ಲವೂ ಒಟ್ಟಿಗೆ ದಾಳಿಗೆ ಸಿಕ್ಕುತ್ತವೆ. ತಡೆಯುವ ಕೋಶ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ಇಲ್ಲಿಗೆ ಬಂದಾಗ ಯಾರಾದರೂ ಕೇಳಿಯೇ ಕೇಳುತ್ತಾರೆ: ‘ಹಾಗಾದರೆ ಶಕ್ತಿ ಹೆಚ್ಚಿಸುವ ಕಷಾಯ ಕೊಡಬಹುದಲ್ಲವೇ?’ ನಾನು ಖಡಾಖಂಡಿತವಾಗಿ ಬೇಡ ಎನ್ನುತ್ತೇನೆ. ಈ ಮಗುವಿಗೆ ರೋಗನಿರೋಧಕ ಶಕ್ತಿ ಕಡಿಮೆಯಾಗಿಲ್ಲ. ಅದರ ಸಿಡಿ8 ಎಂಬ ಕೊಲ್ಲುವ ಬಗೆಯ ಟಿ ಕೋಶಗಳು ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಹುಡುಕಿ ಕೊಲ್ಲುತ್ತಿವೆ. ತಪ್ಪಿರುವುದು ಅವುಗಳ ಮೇಲಿನ ಹಿಡಿತ.

ಅತಿ ಹೆಚ್ಚು ಹೊತ್ತು ನಾನು ಕೂತು ಮಾತನಾಡುವುದು ಮುಂದಿನ ಘಟ್ಟದ ಬಗ್ಗೆ. ಇನ್ಸುಲಿನ್ ಶುರುವಾದ ಕೆಲವು ವಾರಗಳಲ್ಲಿ ಎಷ್ಟೋ ಮಕ್ಕಳಿಗೆ ಡೋಸ್ ಇಳಿಯುತ್ತದೆ. ಉಳಿದಿದ್ದ ಬೀಟಾ ಕೋಶಗಳು ವಿಶ್ರಾಂತಿ ಸಿಕ್ಕಿ ಚೇತರಿಸಿಕೊಂಡಿರುತ್ತವೆ. ಅದೇ ಸಮಯಕ್ಕೆ ಯಾರೋ ಒಬ್ಬರು ಎಲೆಯೋ ಪುಡಿಯೋ ತಂದುಕೊಟ್ಟಿದ್ದರೆ ಕೀರ್ತಿಯೆಲ್ಲ ಅದಕ್ಕೆ ಹೋಗುತ್ತದೆ, ಇನ್ಸುಲಿನ್ ನಿಲ್ಲುತ್ತದೆ. ಆಮೇಲೆ ಮಗು ವಾಂತಿ, ಏದುಸಿರಿನೊಂದಿಗೆ ಕೀಟೋಅಸಿಡೋಸಿಸ್ (ಇನ್ಸುಲಿನ್ ಇಲ್ಲದೆ ರಕ್ತದಲ್ಲಿ ಆಮ್ಲ ತುಂಬುವ ಅಪಾಯದ ಸ್ಥಿತಿ) ಆಗಿ ತುರ್ತು ವಾರ್ಡಿಗೆ ಬರುತ್ತದೆ. ಆದ್ದರಿಂದ ಡೋಸ್ ಇಳಿಯುವ ಮೊದಲೇ ಹೇಳಿಬಿಡುತ್ತೇನೆ: ಮುಂದೊಂದು ದಿನ ಕಡಿಮೆ ಇನ್ಸುಲಿನ್ ಸಾಕಾಗುತ್ತದೆ, ಕಾಯಿಲೆ ಹೋಯಿತೆಂದು ಹಬ್ಬ ಮಾಡಬೇಡಿ. ಟಿ ಕೋಶಗಳಿಗೆ ನೆನಪಿದೆ. ಸಿಡುಬಿನಂಥ ರೋಗಗಳಿಂದ ವರ್ಷಗಟ್ಟಲೆ ಕಾಪಾಡುವ ಆ ನೆನಪೇ ಇಲ್ಲಿ ಬೀಟಾ ಕೋಶಗಳ ವಿರುದ್ಧವಿದೆ, ದಾಳಿ ನಿಂತಿಲ್ಲ. ಕಾರಣ ಗೊತ್ತಿರುವ ತಾಯಿ ನೆರೆಹೊರೆಯವರ ಮಾತಿಗೆ ಅಲುಗಾಡುವುದಿಲ್ಲ. ಫ್ರಿಜ್ ಇಲ್ಲದ ಮನೆಯಲ್ಲಿ ನೀರು ಸೋಕದಂತೆ ಇನ್ಸುಲಿನ್ ಸೀಸೆಯನ್ನು ತಂಪು ಮಣ್ಣಿನ ಮಡಕೆಯಲ್ಲಿಟ್ಟು ಜತನ ಮಾಡುವವಳೂ ಅವಳೇ.

ಟಿ ಕೋಶಗಳನ್ನೇ ಸುಮ್ಮನಾಗಿಸುವ ಔಷಧಿ ಇಲ್ಲವೇ ಎಂದು ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳುತ್ತೇನೆ. ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಪಡೆದ ಟೆಪ್ಲಿಜುಮ್ಯಾಬ್ ಟಿ ಕೋಶದ ಸಿಡಿ3 ಅಣುವಿಗೆ ಅಂಟಿ ಅದರ ಉಗ್ರತೆ ತಗ್ಗಿಸುತ್ತದೆ. ಪೂರ್ಣ ಕಾಯಿಲೆ ಬರುವ ಮುಂಚೆ ಕೊಟ್ಟಾಗ ಅದು ಕಾಯಿಲೆಯನ್ನು ಸುಮಾರು ಎರಡು ವರ್ಷ ಮುಂದೂಡಿತು. ಈಗಾಗಲೇ ಇನ್ಸುಲಿನ್ ಬೇಕಾಗಿರುವ ಮಗುವಿಗೆ ಅದು ಇನ್ಸುಲಿನ್‌ನ ಬದಲಿ ಅಲ್ಲ.

ಕೊನೆಗೆ ತಮ್ಮ, ತಂಗಿಯರ ವಿಷಯ. ಅವರಿಗೆ ಅಪಾಯ ಬೇರೆ ಮಕ್ಕಳಿಗಿಂತ ಹೆಚ್ಚು, ಆದರೂ ಬಹುಪಾಲು ಮಕ್ಕಳಿಗೆ ಬರುವುದಿಲ್ಲ. ಪದೇ ಪದೇ ಮೂತ್ರ, ತಣಿಯದ ದಾಹ, ಇಳಿಯುವ ತೂಕ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ ಎಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದು ಕೊಡುತ್ತೇನೆ.