ನನ್ನ ಲ್ಯಾಪ್‌ಟಾಪಿನಲ್ಲಿ ಇಲ್ಲದ ಡಿ ಡ್ರೈವ್

ಶಿರಸಿಯಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್ ಅಂಗಡಿ. ಪಹಣಿ ತೆಗೆದುಕೊಡುವುದು, ಬೆಳೆ ವಿಮೆಯ ಅರ್ಜಿ ತುಂಬುವುದು, ಇಂಥ ಕೆಲಸ. ಗಿರಾಕಿಗಳ ಆಧಾರ್, ಪಾಸ್‌ಬುಕ್ ಪ್ರತಿಗಳೆಲ್ಲ ಒಂದೇ ಲ್ಯಾಪ್‌ಟಾಪಿನಲ್ಲಿ.

ಮಳೆಗಾಲದ ಒಂದು ಮಧ್ಯಾಹ್ನ ಅಂಗಡಿ ಖಾಲಿ. ಮೇಲ್ ತೆರೆದರೆ, ‘ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ, ನಮ್ಮ ಆಂಟಿವೈರಸ್ ಉಚಿತ’ ಅಂತ ಬಂದಿತ್ತು. ನಾನು ಕೇಳಿದ್ದಲ್ಲ. ಆದರೆ ಪುಗಸಟ್ಟೆ ಅಂದಮೇಲೆ ಕೈ ಸುಮ್ನೆ ಇರುತ್ತದಾ? ಒತ್ತಿಯೇಬಿಟ್ಟೆ. ಪರದೆ ತುಂಬ ಕೆಂಪು ಗೆರೆ ಓಡಿತು. ಅರ್ಧ ನಿಮಿಷದಲ್ಲಿ ಸ್ಕ್ಯಾನ್ ಮುಗಿದು, ಸಿ ಡ್ರೈವಿನಲ್ಲಿ ಇಷ್ಟು, ಡಿ ಡ್ರೈವಿನಲ್ಲಿ ಇಷ್ಟು ವೈರಸ್ ಅಂತ ಲೆಕ್ಕ ಬಂತು. (ವಿಂಡೋಸ್ ಕಂಪ್ಯೂಟರಿನಲ್ಲಿ ಫೈಲು ಇಡುವ ಜಾಗಗಳಿಗೆ ಸಿ, ಡಿ ಅಂತ ಹೆಸರು.)

ನನ್ನ ಲ್ಯಾಪ್‌ಟಾಪಿನಲ್ಲಿ ಡಿ ಡ್ರೈವೇ ಇಲ್ಲ!

ಬ್ರೌಸರಿನಲ್ಲಿ ತೆರೆದ ಪುಟ ತಾನಾಗಿಯೇ ನಮ್ಮ ಡ್ರೈವುಗಳೊಳಗೆ ಹೊಕ್ಕು ಫೈಲು ಹುಡುಕಲಾರದು. ನಾನು ನೋಡಿದ್ದು ಸ್ಕ್ಯಾನ್ ಅಲ್ಲ, ಬರೀ ಓಡುವ ಚಿತ್ರ. ನಿಜವಾದ ಪೂರ್ತಿ ಸ್ಕ್ಯಾನಿಗೆ ಇದೇ ಲ್ಯಾಪ್‌ಟಾಪ್ ಒಂದು ಗಂಟೆಗಿಂತ ಜಾಸ್ತಿ ತೆಗೆದುಕೊಳ್ಳುತ್ತದೆ.

ಅಷ್ಟರಲ್ಲಿ ಒಂದು ಫೈಲ್ ಇಳಿದಾಗಿತ್ತು. ನೋಡಲು ಪಿಡಿಎಫ್. ಆದರೆ ವಿಂಡೋಸ್ ಫೈಲ್ ಹೆಸರಿನ ಬಾಲವನ್ನು ಅಡಗಿಸಿಡುತ್ತದೆ. ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ಗೆ ಟಿಕ್ ಹಾಕಿದಾಗ ಕೊನೆಯಲ್ಲಿ ಡಾಟ್ ಇಎಕ್ಸ್‌ಇ ಕಂಡಿತು, ಅಂದರೆ ಅದು ಓದುವ ಕಾಗದವಲ್ಲ, ತೆರೆದರೆ ಓಡುವ ಪ್ರೋಗ್ರಾಂ. ಪುಣ್ಯಕ್ಕೆ ತೆರೆದಿರಲಿಲ್ಲ. ಆದರೂ ಧೈರ್ಯ ಸಾಲಲಿಲ್ಲ. ವೈಫೈ ಆರಿಸಿದೆ, ಫೈಲ್ ಅಳಿಸಿದೆ, ವಿಂಡೋಸ್ ಸೆಕ್ಯೂರಿಟಿಯಲ್ಲಿ ಆಫ್‌ಲೈನ್ ಸ್ಕ್ಯಾನ್ ಕೊಟ್ಟೆ. ವಿಂಡೋಸ್ ಪೂರ್ತಿ ಏಳುವ ಮೊದಲೇ ಅದು ಹುಡುಕುವುದರಿಂದ, ಅಡಗಿ ಕೂತದ್ದೂ ಸಿಕ್ಕಿಬೀಳುತ್ತದೆ ಅನ್ನುವ ಆಸೆ. ನಡುವೆ ಕರೆಂಟ್ ಹೋಯಿತು (ಶಿರಸಿಯ ಮಳೆಗಾಲ, ಹೇಳಬೇಕಾದ್ದೇನಿಲ್ಲ). ಬ್ಯಾಟರಿ ಕೈಬಿಡಲಿಲ್ಲ. ಏನೂ ಸಿಗಲಿಲ್ಲ. ಆದರೂ ಸಂಜೆ ಮೇಲ್ ಮತ್ತು ಬ್ಯಾಂಕಿನ ಪಾಸ್‌ವರ್ಡ್‌ಗಳನ್ನು ಮೊಬೈಲಿನಿಂದ ಬದಲಾಯಿಸಿದೆ.

ಪುಗಸಟ್ಟೆ ಸಿಗುವುದೆಲ್ಲ ಮೋಸವಲ್ಲ. ನಾನು ಈಗಲೂ ಬಳಸುವುದು ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್. 2017ರಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದಲ್ಲೂ ವೈರಸ್ ತೆಗೆಯುವ ಉಪಕರಣ ಉಚಿತವಾಗಿ ಸಿಗುತ್ತದೆ. ಅದರ ವಿಳಾಸವನ್ನು ನಾನೇ ಟೈಪ್ ಮಾಡಿ ಹೋಗುತ್ತೇನೆ, ಮೇಲ್‌ನಲ್ಲಿ ಬಂದ ಲಿಂಕ್ ಮುಟ್ಟುವುದಿಲ್ಲ.

ಮೊನ್ನೆ ಅಡಿಕೆ ಮಂಡಿಗೆ ಬಂದಿದ್ದ ಮಾವನೊಬ್ಬರು ಮೊಬೈಲ್ ಹಿಡಿದು ಅಂಗಡಿಗೆ ಬಂದರು. “ತಮಾ, ಇದನ್ನೊಂದು ಹಾಕಿಕೊಡು, ದುಡ್ಡಿಲ್ಲವಂತೆ.” ನೋಡಿದೆ. ಅದೇ ಕೆಂಪು ಗೆರೆ, ಅದೇ ಲೆಕ್ಕ.

“ಮಾವ, ನಿಮ್ಮ ಮೊಬೈಲಿಗೆ ಡಿ ಡ್ರೈವ್ ಎಲ್ಲಿಂದ ಬಂತು?”